ನೂರಾ ಎಂಟು ಯೂನಿಟ್

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಜಗಳೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅವ್ವ ಬಸವಾಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದಳು. ತಂಗಿ ನನ್ನ ಜೊತೆಗಿದ್ದು ಟೈಪಿಂಗ್ ಕಲಿಯುತ್ತಿದ್ದಳು. ಹದಿನಾಲ್ಕಕ್ಕೇ ಅವಳಿಗೆ ಸಕ್ಕರೆ ಕಾಯಿಲೆ ಹಿಡಿದಿತ್ತು. ದಿನಕ್ಕೆರಡು ಸಲ ತನ್ನ ತೊಡೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಸೂಜಿಗೆ ಹೆದರುವವಳು ನಾನು. ಅವಳು ಚುಚ್ಚಿಕೊಳ್ಳುವಾಗ ಏನಾದರೂ ನೆಪ ಮಾಡಿ ಅಡುಗೆಮನೆಗೆ ಹೋಗುತ್ತಿದ್ದೆ.

ಔಷಧಿಯ ಸೀಸೆಗಳನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇಡುತ್ತಿದ್ದೆವು. ಜಗಳೂರಿನ ಬೇಸಿಗೆಗೆ ಆ ಮರಳೂ ಬೆಚ್ಚಗಾಗುತ್ತಿತ್ತು. ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ತಮ್ಮ ಹಳೇ ಫ್ರಿಜ್ಜು ಮಾರುತ್ತಾರೆಂದು ತಿಳಿದಾಗ ಎರಡು ತಿಂಗಳ ಸಂಬಳ ಕೊಟ್ಟು ತಂದೆ. ಆ ಬೀದಿಯಲ್ಲಿ ಅದೇ ಮೊದಲ ಫ್ರಿಜ್ಜು.

ಮನೆಯ ಮುಂಭಾಗದಲ್ಲಿ ಮನೆಯೊಡತಿ ಇದ್ದರು, ಗಂಡ ಸತ್ತ ಒಂಟಿ ಹೆಂಗಸು. ಹಿಂದಿನ ಎರಡು ಕೋಣೆ ನಮ್ಮವು. ಇಡೀ ಮನೆಗೆ ಮೀಟರ್ ಒಂದೇ, ಬಿಲ್ಲನ್ನು ಅರ್ಧರ್ಧ ಹಂಚಿಕೊಳ್ಳುತ್ತಿದ್ದೆವು. ಫ್ರಿಜ್ಜು ಬಂದ ಮೇಲಿನ ಮೊದಲ ಬಿಲ್ಲು ಹಿಂದಿನದಕ್ಕಿಂತ ಎರಡರಷ್ಟಾಗಿತ್ತು. ಅವರು ಜಗಳ ಮಾಡಲಿಲ್ಲ. ಬಿಲ್ಲು ಹಿಡಿದು ಬಂದು, "ನಿಮ್ಮ ಪೆಟ್ಟಿಗೆ ಹಗಲೂ ರಾತ್ರಿ ಓಡ್ತಾನೇ ಐತಲ್ರೀ ಟೀಚರ್ರೆ, ನಾನು ಹೆಂಗೆ ಅರ್ಧ ಕೊಡಲಿ?" ಎಂದರು.

ಗಣಿತದವಳಲ್ಲವೇ, ಅವರೆದುರೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಫ್ರಿಜ್ಜಿನ ಬೆನ್ನಿನ ತಗಡಿನ ಮೇಲೆ ನೂರೈವತ್ತು ವಾಟ್ ಎಂದಿತ್ತು. ಇಪ್ಪತ್ನಾಲ್ಕು ಗಂಟೆಗೆ ಮೂರೂವರೆ ಯೂನಿಟ್ಟಿಗೂ ಮೇಲೆ, ತಿಂಗಳಿಗೆ ನೂರಾ ಎಂಟು. ನನ್ನ ಕೈಯ ಅಂಕಿ ನೋಡಿ ನನಗೇ ದಿಗಿಲಾಯಿತು. ಹೆಚ್ಚಿನದೆಲ್ಲ ನಾನೇ ಕೊಡುತ್ತೇನೆಂದು ಒಪ್ಪಿಕೊಂಡೆ.

ಅಷ್ಟನ್ನು ಪ್ರತಿ ತಿಂಗಳು ಕೊಡುವ ಶಕ್ತಿ ನನಗಿರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಸ್ವಿಚ್ ಆರಿಸುವುದು, ಸಂಜೆ ಬಂದು ಹಾಕಿ ತಂಪಿನ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸುವುದು. ರಾತ್ರಿ ಕೂಡಿಟ್ಟ ತಂಪು ಹಗಲಿಗೆ ಸಾಕಾಗುತ್ತದೆಂದು ನನ್ನ ಎಣಿಕೆ. ಸೀಸೆಗಳನ್ನು ಐಸಿನ ಗೂಡಿಗೆ ತಾಗಿಸಿ ಇಟ್ಟೆ, ಹಗಲಿನಲ್ಲಿ ಬೇಗ ಬಿಸಿಯಾಗದಿರಲೆಂದು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿ ಸೀಸೆಯನ್ನು ಬೆಳಕಿಗೆ ಹಿಡಿದು ಹೇಳಿದಳು: "ಅಕ್ಕ, ಗಾಜಿನ ಒಳಗೆ ಉಪ್ಪಿನ ಪುಡಿ ಅಂಟಿದಂಗೆ ಐತೆ ನೋಡು."

ನನಗೆ ಶಾಲೆಗೆ ಹೊತ್ತಾಗಿತ್ತು. "ಚೆನ್ನಾಗಿ ಅಲುಗಾಡಿಸಿ ತಗೋ," ಎಂದೆ. ಅವಳು ಹಾಗೇ ಮಾಡಿದಳು.

ಆಮೇಲೆ ಅವಳಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಬೇಸಿಗೆಯೆಂದುಕೊಂಡೆವು. ರವಿಕೆಗಳು ಸಡಿಲವಾದವು, ಟೈಪಿಂಗ್ ಪರೀಕ್ಷೆಯ ಚಿಂತೆಯೆಂದುಕೊಂಡೆವು. ಒಂದು ಬೆಳಿಗ್ಗೆ ವಾಂತಿ ನಿಲ್ಲಲಿಲ್ಲ. ಉಸಿರು ಓಡಿ ಬಂದವರ ಹಾಗೆ ಏರುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮನೆಯೊಡತಿಯೂ ನಾನೂ ಅವಳನ್ನು ಎತ್ತಿಕೊಂಡೇ ದಾವಣಗೆರೆಯ ಬಸ್ಸು ಹತ್ತಿಸಿದೆವು. ಅವರು ಮನೆಗೆ ಬೀಗ ಹಾಕಲೂ ಮರೆತು ಬಂದಿದ್ದರು. ದಾರಿಯುದ್ದಕ್ಕೂ ತಂಗಿ ನೀರು ಕೇಳಿದಳು. ಆಮೇಲೆ ಕೇಳುವುದನ್ನೂ ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ನಾನು ತಂದಿದ್ದ ಸೀಸೆಯನ್ನು ಕಿಟಕಿಯ ಬಳಿ ಒಯ್ದು ತಿರುಗಿಸಿ ನೋಡಿದರು. ಇದು ಐಸಾಗಿ ಗಡ್ಡೆ ಕಟ್ಟಿತ್ತೇ ಎಂದು ಕೇಳಿದರು. ಕಟ್ಟಿರಬಹುದು, ಆಮೇಲೆ ಕರಗಿರುತ್ತದೆ ಎಂದೆ.

"ಒಂದು ಸಲ ಹೆಪ್ಪುಗಟ್ಟಿದರೆ ಮುಗೀತು, ತಾಯಿ. ಕರಗಿದ್ರೂ ಇದ್ರಲ್ಲಿ ಔಷಧಿ ಇರಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮೂರನೆಯ ದಿನ ತಂಗಿ ತೀರಿಕೊಂಡಳು. ಅವಳಿಗೆ ಇಪ್ಪತ್ತು ವರ್ಷ ತುಂಬಿರಲಿಲ್ಲ.

ಕಾರ್ಯ ಮುಗಿಸಿ ನಾನು ಜಗಳೂರಿಗೆ ಮರಳಿದಾಗ ಹೊಸ ಬಿಲ್ಲು ಬಂದಿತ್ತು. ಮನೆಯೊಡತಿ ಅದನ್ನು ನನಗೆ ತೋರಿಸದೆ ಕಟ್ಟಿಬಿಟ್ಟಿದ್ದರು. ನಾನೇ ಕೇಳಿ ತೆಗೆಸಿ ನೋಡಿದೆ. ಹಗಲೆಲ್ಲ ಫ್ರಿಜ್ಜು ಆರಿಸಿದ್ದರೂ ಯೂನಿಟ್ಟು ಇಳಿದಿರಲಿಲ್ಲ, ಏರಿತ್ತು.

ಅದು ನನ್ನನ್ನು ಸುಮ್ಮನಿರಗೊಡಲಿಲ್ಲ. ಒಂದು ಭಾನುವಾರ ಮನೆಯ ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ, ಖಾಲಿ ಫ್ರಿಜ್ಜೊಂದನ್ನೇ ಹಾಕಿ, ಕೈಗಡಿಯಾರ ಹಿಡಿದು ಮೀಟರಿನ ಮುಂದೆ ಸ್ಟೂಲಿನ ಮೇಲೆ ಕುಳಿತೆ. ಆರುನೂರು ಸುತ್ತಿಗೆ ಒಂದು ಯೂನಿಟ್ ಎಂದು ಮೀಟರಿನ ಮೇಲೇ ಬರೆದಿತ್ತು. ಗುಂಡಿ ಮಧ್ಯದಲ್ಲಿದ್ದಾಗ ಒಳಗಿನ ತಟ್ಟೆ ನಲವತ್ತು ಸೆಕೆಂಡಿಗೊಂದು ಸುತ್ತು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಗಡಗಡಿಸಿ ನಿಂತಿತು, ತಟ್ಟೆಯೂ ನಿಂತಿತು. ಓಡಿದ್ದರ ಎರಡರಷ್ಟು ಹೊತ್ತು ಅದು ಸುಮ್ಮನಿರುತ್ತಿತ್ತು. ಮಧ್ಯಾಹ್ನದವರೆಗೆ ಎಣಿಸಿದೆ. ದಿನಕ್ಕೆ ಒಂದೂಕಾಲು ಯೂನಿಟ್ಟೂ ಆಗುತ್ತಿರಲಿಲ್ಲ. ನಾನು ಹೇಳಿದ ನೂರಾ ಎಂಟರ ಮೂರನೆಯ ಒಂದು ಪಾಲು ಅಷ್ಟೇ. ಅದು ದಣಿವಾರಿಸಿಕೊಳ್ಳುತ್ತದೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಮಧ್ಯಾಹ್ನದ ಮೇಲೆ ಗುಂಡಿಯನ್ನು ಕೊನೆಗೆ ತಿರುಗಿಸಿ ಕುಳಿತೆ. ತಟ್ಟೆ ನಿಲ್ಲಲೇ ಇಲ್ಲ. ಸಂಜೆಯಿಂದ ಬೆಳಗಿನವರೆಗೆ ಅದು ಹೀಗೇ ಬಿಡದೆ ಓಡಿತ್ತು; ಉಳಿಸಲೆಂದು ನಾನು ಮಾಡಿದ್ದು ಎರಡರಷ್ಟು ತಿಂದಿತ್ತು.

ಮನೆಯೊಡತಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದರು. ಮೊದಲ ಬಿಲ್ಲು ಏಕೆ ಅಷ್ಟು ಏರಿತ್ತೆಂದು ಆಗ ನಾನು ಅವರನ್ನೇ ಕೇಳಿದೆ. ಸೀಮೆಎಣ್ಣೆ ಸಿಗುತ್ತಿಲ್ಲವೆಂದು ಅದೇ ತಿಂಗಳು ಅವರು ಕರೆಂಟ್ ಒಲೆ ಕೊಂಡಿದ್ದರು. ಎರಡು ಸಾವಿರ ವಾಟಿನದು. ಫ್ರಿಜ್ಜು ಇಡೀ ದಿನ ತಿನ್ನುವುದನ್ನು ಅದು ಒಂದು ಹೊತ್ತಿನ ಅಡುಗೆಯಲ್ಲಿ ತಿನ್ನುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾದವಳು ನಾನು.

"ಅವತ್ತು ನಾನು ಬಾಯಿ ತೆರೀಬಾರದಿತ್ತು," ಎಂದು ಅವರು ಗೋಡೆಗೊರಗಿ ಕುಳಿತುಬಿಟ್ಟರು.

ಲೆಕ್ಕ ಹಾಕಿದ್ದು ನಾನು, ನೀವಲ್ಲ ಎಂದೆ. ಸಮಾಧಾನಕ್ಕೆ ಆಡಿದ ಮಾತಲ್ಲ ಅದು.

ಮುಂದಿನ ವರ್ಷ ನನಗೆ ನ್ಯಾಮತಿಗೆ ವರ್ಗವಾಯಿತು. ಹೊರಡುವ ಮೊದಲು ಬಸವಾಪಟ್ಟಣಕ್ಕೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅದುವರೆಗೆ ಅವಳು ಹಣೆಬರಹವೆಂದೇ ನಂಬಿದ್ದಳು. ಹೇಳಿ ಮುಗಿಸುವ ತನಕ ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ನೀನೇನು ಬೇಕಂತ ಮಾಡಿಲ್ಲ, ಬಿಡು," ಎಂದಳು.

ಊಟಕ್ಕೆ ಎಂದಿನಂತೆ ಬಡಿಸಿದಳು. ಆದರೆ ಆಮೇಲೆ ಎಷ್ಟು ಕರೆದರೂ ಒಂದು ದಿನವೂ ನನ್ನ ಮನೆಗೆ ಬಂದು ಉಳಿಯಲಿಲ್ಲ.