ಮಡಿಕೆ ಬಿಚ್ಚದ ಸೀರೆ

ಮೀನಾ ಹುಟ್ಟಿದ್ದು ಬೈಲಹೊಂಗಲದ ಬೆಲ್ಲದ ವ್ಯಾಪಾರಿಗಳ ಮನೆಯಲ್ಲಿ, ಮದುವೆಯಾಗಿ ಬಂದದ್ದು ಸವದತ್ತಿಗೆ. ಉಗರಗೋಳದಾಚೆಯ ಒಂದು ಸಣ್ಣ ಊರಿನ ಸರಕಾರಿ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಇಪ್ಪತ್ತೊಂದು ವರ್ಷ ಮಾಸ್ತರಿಕೆ ಮಾಡಿದ್ದಳು. ಆಕೆಯ ಬ್ಯಾಗಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಲೋಟ, ಎರಡು ಬಟ್ಟೆಯ ಚೀಲ ಇರುತ್ತಿದ್ದವು. ಯಲ್ಲಮ್ಮನ ಗುಡ್ಡಕ್ಕೆ ಬಂದವರು ಬಿಸಾಡಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರಿಬಂದು ಶಾಲೆಯ ಬೇಲಿಗೆ ಸಿಕ್ಕಿಕೊಂಡರೆ, ಪಾಠ ಅರ್ಧಕ್ಕೇ ನಿಲ್ಲಿಸಿ ತಾನೇ ಹೋಗಿ ಕಿತ್ತು ತರುತ್ತಿದ್ದಳು. ಮಕ್ಕಳು ಹಿಂದಿನಿಂದ ‘ಪ್ಲಾಸ್ಟಿಕ್ ಅಕ್ಕೋರು’ ಅನ್ನುತ್ತಿದ್ದರು. ಕಿವಿಗೆ ಬಿದ್ದರೂ ಆಕೆಗೆ ಸಿಟ್ಟು ಬರುತ್ತಿರಲಿಲ್ಲ, ಒಳಗೊಳಗೇ ಹೆಮ್ಮೆಯೆನಿಸುತ್ತಿತ್ತು.

ಆ ಶಾಲೆಯಲ್ಲಿ ಪ್ರತಿ ದೀಪಾವಳಿಗೆ ಬಿಸಿಯೂಟ ಮಾಡುವ ತಾಯವ್ವನಿಗೂ ಕಸ ಗುಡಿಸುವ ಕೃಷ್ಣವ್ವನಿಗೂ ಮಾಸ್ತರರೆಲ್ಲ ಕೂಡಿ ಒಂದೊಂದು ಹೊಸ ಸೀರೆ ಕೊಡುವ ರೂಢಿ. ಹೋದ ವರ್ಷ ಹಬ್ಬ ಎರಡು ವಾರ ಇದೆ ಎನ್ನುವಾಗ ಮೀನಾ ಸಭೆಯಲ್ಲಿ ಎದ್ದು ನಿಂತಳು.

“ಹೊಸಾದು ಯಾಕ ತರೂದ್ರಿ ಸರ್? ಎಲ್ಲಾರ ಕಪಾಟಿನ್ಯಾಗೂ ಉಡದ ಸೀರಿ ತುಂಬ್ಯಾವ. ಮರುಬಳಕಿ ಅಂತ ಮಕ್ಕಳಿಗೆ ಬರೇ ಬಾಯಿಲೆ ಹೇಳಿದ್ರ ಏನಾತು? ನಾವ ಮಾಡಿ ತೋರಸೂಣು.”

ಹೆಡ್‌ಮಾಸ್ತರ್ ಮಡಿವಾಳೆಪ್ಪನವರಿಗೆ ಮಾತು ಹಿಡಿಸಿತು. “ಛಲೋ ವಿಚಾರ ಅಕ್ಕೋರೆ. ಪರಿಸರಸ್ನೇಹಿ ದೀಪಾವಳಿ ಅಂತ ಒಂದು ಬೋರ್ಡೂ ಬರಸೂಣು,” ಎಂದರು. ತಾಯವ್ವ, ಕೃಷ್ಣವ್ವರನ್ನು ಯಾರೂ ಕೇಳಲಿಲ್ಲ. ಪ್ರತಿ ಹಬ್ಬಕ್ಕೆ ಮಾಸ್ತರರು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಒಣಹಣ್ಣಿನ ಡಬ್ಬಿಗಳ ಮಾತೂ ಆ ದಿನ ಬರಲಿಲ್ಲ.

ಮೀನಾ ಮನೆಯಲ್ಲಿ ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿನ ಅರೆ ಹುಡುಕಿದಳು. ನೇರಳೆ ಬಣ್ಣದ, ಹಸಿರು ಅಂಚಿನ ಸೀರೆಯೊಂದು ಕೈಗೆ ಬಂತು. ಯಾರೋ ಯಾವುದೋ ಮದುವೆಯಲ್ಲಿ ಆಹೇರಿಯೆಂದು ಕೊಟ್ಟದ್ದಿರಬೇಕು, ನೆನಪಾಗಲಿಲ್ಲ. ಅಂಗಡಿಯವನು ಮಡಚಿದ ಮಡಿಕೆ ಹಾಗೇ ಇತ್ತು. ಧೂಳು ಝಾಡಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿದಳು. ಪ್ಲಾಸ್ಟಿಕ್ಕಿನ ಒಂದು ಎಳೆಯೂ ಇಲ್ಲದ ಆ ಗಂಟು ಆಕೆಯ ಕಣ್ಣಿಗೆ ಬಹಳ ಚಂದ ಕಂಡಿತು.

ಹಬ್ಬದ ಸೂಟಿ ಶುರುವಾಗುವ ಹಿಂದಿನ ದಿನ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂಡಿಸಿದರು. ಮೀನಾ ಹತ್ತು ನಿಮಿಷ ಮಾತಾಡಿದಳು. ಒಂದು ಸೀರೆ ತಯಾರಾಗಲು ಎಷ್ಟು ನೀರು ಹೋಗುತ್ತದೆ, ಬಿಸಾಡಿದ ಅರಿವೆ ಮಣ್ಣಿನಲ್ಲಿ ಎಷ್ಟು ವರ್ಷ ಕೊಳೆಯದೆ ಉಳಿಯುತ್ತದೆ, ಎಲ್ಲ ಹೇಳಿದಳು. ಆಮೇಲೆ ತಾಯವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಟು ಇಸಿದುಕೊಂಡಳು.

“ಬಿಚ್ಚಿ ತೋರಸ ತಾಯವ್ವಾ, ಫೋಟೋ ತಗೀತೇವಿ,” ಎಂದರು ಹೆಡ್‌ಮಾಸ್ತರು.

ತಾಯವ್ವ ಬಾಳೆನಾರು ಬಿಚ್ಚಿದಳು. ಸೀರೆಯ ಒಂದು ಮಡಿಕೆ ತೆರೆದಾಗ ಒಳಗಿನಿಂದ ಒಂದು ಚೀಟಿ ನೆಲಕ್ಕೆ ಬಿತ್ತು. ನೋಟ್‌ಬುಕ್ಕಿನಿಂದ ಹರಿದ ಗೆರೆಯ ಹಾಳೆ, ದುಂಡಗಿನ ಅಕ್ಷರ. ಪಕ್ಕದಲ್ಲಿ ನಿಂತಿದ್ದ ಮೀನಾ ಅದನ್ನು ಮನಸ್ಸಿನಲ್ಲೇ ಓದಿದಳು: ‘ನಮ್ಮ ಮೀನಾ ಅಕ್ಕೋರಿಗೆ, ಪ್ರೀತಿಯಿಂದ, ರೇಣು.’

ರೇಣು ತಾಯವ್ವನ ಮಗಳು. ಒಂದರಿಂದ ಏಳರ ತನಕ ಅದೇ ಶಾಲೆಯಲ್ಲಿ ಮೀನಾಳ ಕೈಯಲ್ಲೇ ಕಲಿತವಳು. ಮೂರು ವರ್ಷದ ಹಿಂದೆ ಅವಳ ಮದುವೆಯಲ್ಲಿ, ಅರಿಶಿಣದ ಕೈಯಲ್ಲೇ ಈ ಸೀರೆ ಹಿಡಿದು ಬಂದು, “ನಾನ ಆರಿಸಿ ತಂದೇನ್ರಿ ಅಕ್ಕೋರೆ,” ಎಂದು ಕಾಲಿಗೆ ಬಿದ್ದಿದ್ದಳು. ಮನೆಗೆ ಬಂದು ಮೀನಾ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಇದನ್ನು ಉಟ್ಟರೆ ಮೈ ಉರಿಯುತ್ತದೆ ಎಂದು ಮೇಲಿನ ಅರೆಗೆ ಎಸೆದಿದ್ದಳು. ಈಗ, ನೂರಾ ಹತ್ತು ಮಕ್ಕಳ ಮುಂದೆ ನಿಂತಾಗ, ಎಲ್ಲವೂ ಒಮ್ಮೆಗೇ ನೆನಪಿಗೆ ಬಂತು.

ತಾಯವ್ವ ಬಗ್ಗಿ ಚೀಟಿ ಎತ್ತಿಕೊಂಡಳು. ಒಂದು ಕ್ಷಣ ಅದರ ಮೇಲೆಯೇ ಕಣ್ಣು ನೆಟ್ಟಳು. ಆಮೇಲೆ ಮುಷ್ಟಿಯೊಳಗೆ ಮುದುಡಿ, ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ ಸೊಂಟಕ್ಕೆ ಸಿಗಿಸಿಕೊಂಡಳು.

“ಬಣ್ಣ ಭಾಳ ಛಲೋ ಐತ್ರಿ,” ಎಂದು ಸೀರೆ ಎದೆಗೆ ಹಿಡಿದು ಫೋಟೋಕ್ಕೆ ನಕ್ಕಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಫೋಟೋ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಸವದತ್ತಿ, ರಾಮದುರ್ಗ ಎರಡೂ ತಾಲ್ಲೂಕಿನ ಶಿಕ್ಷಕರ ಸಭೆಯಲ್ಲಿ ಈ ಕುರಿತು ಮಾತಾಡಬೇಕೆಂದು ಮೀನಾಳಿಗೆ ಕರೆಯೂ ಬಂತು. ಹಬ್ಬದ ಮೂರು ದಿನ ಆಕೆ ಫೋನನ್ನು ಬೋರಲು ಹಾಕಿಟ್ಟಳು. ಹೋಳಿಗೆ ತಟ್ಟೆಯಲ್ಲೇ ಬಿಟ್ಟಳು. ಗಂಡ ಏನಾಯಿತೆಂದು ಕೇಳಿದರೆ ಪಿತ್ತ ಎಂದಳು.

ಶಾಲೆ ಶುರುವಾದ ದಿನ ಅಡುಗೆಮನೆಯ ಬಾಗಿಲ ತನಕ ಎರಡು ಸಲ ಹೋಗಿ ತಿರುಗಿ ಬಂದಳು. ಸಂಜೆಯ ಬಸ್ಸು ಹೋಗಲು ಬಿಟ್ಟು, ಬ್ಯಾಗಿನಲ್ಲಿ ಒಂದು ಹೊಸ ಇಳಕಲ್ ಸೀರೆ ಇಟ್ಟುಕೊಂಡು ತಾಯವ್ವನ ಮನೆಗೆ ನಡೆದಳು. ಇಪ್ಪತ್ತೊಂದು ವರ್ಷದಲ್ಲಿ ಆ ಓಣಿಗೆ ಬಂದದ್ದು ಅದು ಎರಡನೆಯ ಸಲ. ತಾಯವ್ವ ಬುದ್ಧನ ಪಟದ ಕೆಳಗೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಬರ್ರಿ ಅಕ್ಕೋರೆ, ಕುಂದರ್ರಿ.”

ಮೀನಾ ಕೂತಳು. “ನನ್ನ ಕಡಿಂದ ತಪ್ಪಾತು ತಾಯವ್ವಾ. ನಿಮ್ಮ ಸೀರಿ ಅಂತ ನನಗ ನೆನಪ ಇರಲಿಲ್ಲ.”

“ಅದು ನನಗ ಗೊತ್ತಾತ್ರಿ,” ಎಂದಳು ತಾಯವ್ವ, ಮೊರದಿಂದ ಕಣ್ಣೆತ್ತದೆ. “ನೆನಪ ಇದ್ದಿದ್ರ ನನಗ ಕೊಡ್ತಿರಲಿಲ್ಲ. ಕೃಷ್ಣವ್ವಗ ಕೊಡ್ತಿದ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮಾತು ಮಾತ್ರ ನಿಜವಾಗಿತ್ತು.

“ಹಳೇದು ಕೊಟ್ರಂತ ನನಗ ಬ್ಯಾಸರಿಲ್ರಿ,” ತಾಯವ್ವ ಮುಂದುವರಿಸಿದಳು. “ನಮ್ಮ ಮನ್ಯಾಗ ಸೀರಿ ಹರದ್ರ ಕೌದಿ ಆಗ್ತೈತಿ, ಕೌದಿ ಹರದ್ರ ಒಲಿ ಮುಂದಿನ ಮಸಿಅರಿವಿ ಆಗ್ತೈತಿ. ಇದನ್ನ ನಮಗ ಯಾರೂ ಭಾಷಣ ಮಾಡಿ ಕಲಿಸಿಲ್ಲ. ನೀವು ಒಂದ ಸಲ ಉಟ್ಟು ಕೊಟ್ಟಿದ್ರ, ನನ್ನ ಮಗಳು ತಂದಿದ್ದು ಉಟ್ರಲ್ಲ ಅಂತ ನಾನ ಖುಷಿಲೆ ಉಡ್ತಿದ್ದೆ. ಮಡಿಕೀನ ಬಿಚ್ಚಿಲ್ಲಲ್ರಿ.”

“ರೇಣುಗ ಹೇಳೀಯೇನು?”

“ಹೆಂಗ ಹೇಳ್ಲಿ? ಮದಿವ್ಯಾದಾಗಿಂದ ಫೋನ್ ಮಾಡಿದಾಗೊಮ್ಮೆ ಕೇಳ್ತಾಳ, ಅಕ್ಕೋರು ನನ್ನ ಸೀರಿ ಉಟ್ಟಿದ್ರೇನು ಅಂತ. ಉಟ್ಟಿದ್ರವಾ, ಭಾಳ ಚಂದ ಕಾಣ್ತಿತ್ತು ಅಂತ ಮೂರು ವರ್ಷದಿಂದ ಹೇಳಾಕತ್ತೇನಿ. ಹಬ್ಬಕ್ಕ ಬಂದಾಗ ಆಕಿ ಕಣ್ಣಿಗೆ ಬೀಳಬಾರದಂತ ಟ್ರಂಕಿನ ತಳಕ್ಕ ಇಟ್ಟೆ.”

ಮೀನಾ ತಲೆ ತಗ್ಗಿಸಿದಳು. ಬ್ಯಾಗಿನಿಂದ ಇಳಕಲ್ ಸೀರೆ ತೆಗೆದು ಮೊರದ ಪಕ್ಕದಲ್ಲಿ ಇಟ್ಟಳು. ತಾಯವ್ವ ಅದನ್ನು ಮುಟ್ಟಲಿಲ್ಲ.

“ಇದನ್ನ ಇಸ್ಕೊಂಡ್ರ ನಿಮ್ಮ ಮನಸ್ಸು ಹಗೂರ ಆಗ್ತೈತಿ. ನನ್ನದು ಆಗೂದಿಲ್ರಿ. ತಗೊಂಡ ಹೋಗ್ರಿ.” ಆಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ, “ಚಾ ಇಡ್ತೇನಿ. ಕುಡದ ಹೋಗ್ರಿ,” ಎಂದಳು. ಮೀನಾ ಕುಡಿದಳು. ಬಾಯಿ ಸುಟ್ಟದ್ದೂ ಗೊತ್ತಾಗಲಿಲ್ಲ.

ಸವದತ್ತಿಯ ಸಭೆಯ ದಿನ ಜ್ವರದ ನೆಪ ಹೇಳಿ ತಪ್ಪಿಸಿಕೊಳ್ಳಬೇಕೆಂದು ಶಾಲೆಯಿಂದ ಹೊರಟು ಬಸ್ಸಿಳಿಯುವ ತನಕ ಅಂದುಕೊಂಡೇ ಬಂದಿದ್ದಳು. ಆದರೆ ಪರದೆಯ ಮೇಲೆ ತಾಯವ್ವನ ನಗುಮುಖದ ಫೋಟೋ ಮೂಡಿದಾಗ ಸುಮ್ಮನಿರಲಾಗಲಿಲ್ಲ. “ಅದನ್ನ ತಗೀರಿ,” ಎಂದಳು. ಬರೆದು ತಂದ ಹಾಳೆ ಬಿಟ್ಟು, ಹೆಸರು ಹೇಳದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ನಾವು ನಮ್ಮ ಡಬ್ಬಿ ಬಿಡಲಿಲ್ಲ, ಅವರ ಸೀರಿ ಬಿಡಿಸಿದ್ವಿ. ಪರಿಸರದ ಹೆಸರು ಹೇಳಿ ನಾನು ನನ್ನ ಕಪಾಟು ಹಸನ ಮಾಡ್ಕೊಂಡೆ,” ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕರೆಸಿದ ಅಧಿಕಾರಿ ಗಡಿಯಾರ ನೋಡಿ ಮುಂದಿನವರ ಹೆಸರು ಕೂಗಿದರು. ಒಂದು ಚಪ್ಪಾಳೆಯೂ ಬೀಳಲಿಲ್ಲ.

ಮನೆಗೆ ಹೋಗಲು ಮನಸ್ಸಾಗದೆ ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಾಗ, ಸಭೆಗೆ ಬಂದಿದ್ದ ಇನ್ನೊಬ್ಬ ಶಿಕ್ಷಕಿ ಬಂದು ಬದಿಯಲ್ಲಿ ಕೂತಳು. ಸುರೇಬಾನದ ಕಡೆಯವಳು, ವಯಸ್ಸಿನಲ್ಲಿ ಚಿಕ್ಕವಳು.

“ನಿಮ್ಮ ಫೋಟೋ ನೋಡಿ ನಮ್ಮ ಸಾಲ್ಯಾಗೂ ಹಂಗ ಮಾಡಿದ್ವಿರಿ,” ಎಂದಳು. “ಅಡಿಗಿ ಮಾಡೋ ಬಾಯವ್ವಗ ನಾ ಒಂದು ಹಳೇ ಸ್ವೆಟರ್ ಕೊಟ್ಟೆ. ಆಕಿ ಏನೂ ಅನ್ನಲಿಲ್ಲ. ನಾವೂ ಕೇಳಲಿಲ್ಲ.”

ರಾಮದುರ್ಗದ ಬಸ್ಸು ಬಂತು. ಆಕೆ ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಅಷ್ಟು ಮಂದಿ ಮುಂದ ಹೇಳಾಕ ನಿಮಗ ನಾಚಿಕಿ ಆಗಲಿಲ್ಲೇನ್ರಿ?”

“ಆತ್ರಿ,” ಎಂದಳು ಮೀನಾ. “ಇನ್ನೂ ಆಗಾಕತ್ತೈತಿ.”