ಅಕ್ಕನ ಮದುವೆಗೆ ಊದಿದ ಎರಡು ಸ್ವರ

ನಾನಿನ್ನೂ ಚಿಕ್ಕವನಿದ್ದಾಗ ನಮ್ಮ ನಡುಮನೆಯಲ್ಲಿ ನನಗಿಂತ ದಪ್ಪಗಿನ ಒಂದು ಹಿತ್ತಾಳೆ ಬಾಜಾ ಕೂತಿರುತ್ತಿತ್ತು. ನೀವೀಗ ಟ್ಯೂಬಾ ಅನ್ನುತ್ತೀರಲ್ಲ, ಅದೇ. ಊರಿನವರಿಗೆ ಅದು ದೊಡ್ಡ ಬಾಜಾ. ಆಗ ನಮ್ಮೂರು ಬಿಳೇಕಹಳ್ಳಿ ನಿಜವಾಗಿಯೂ ಹಳ್ಳಿ. ಅಪ್ಪ ರಾಗಿ ಹೊಲ ನೋಡಿಕೊಂಡಿದ್ದು, ಮದುವೆ ಕಾಲ ಬಂದರೆ ಬ್ಯಾಂಡ್ ಸೆಟ್ಟಿನ ಜೊತೆ ಹೊರಡುತ್ತಿದ್ದ. ಹುಣಸೆಹಣ್ಣು ಹಾಕಿ ಬಾಜಾ ಉಜ್ಜಿದ ದಿನ ಮನೆಯೆಲ್ಲ ಹುಳಿ ವಾಸನೆ.

ಊದುವುದಕ್ಕೆ ಮುಂಚೆ ಅಪ್ಪ ತುಟಿ ಪಳಗಿಸಿಕೊಳ್ಳುತ್ತಿದ್ದ. ಮೊದಲು ತುಟಿ ಸಡಿಲ ಬಿಟ್ಟು ಕುದುರೆಯ ಹಾಗೆ ಬುರ್ರ್ ಅನ್ನಿಸುವುದು. ಆಮೇಲೆ ನಾಲ್ಕು ಎಣಿಸುತ್ತಾ ಹೊಟ್ಟೆ ತುಂಬ ಉಸಿರೆಳೆದು ಎಂಟು ಎಣಿಸುತ್ತಾ ಬಿಡುವುದು. ಕೊನೆಗೆ ಬಾಜಾದಲ್ಲಿ ಅತಿ ತಗ್ಗಿನ ಒಂದು ಸ್ವರ, ಅದರ ಮೇಲಿನ ಇನ್ನೊಂದು, ಎರಡನ್ನೂ ಉಸಿರಿರುವಷ್ಟು ಉದ್ದಕ್ಕೆ. ಅಕ್ಕ ಒಲೆಯ ಮೇಲೆ ಇಟ್ಟ ಎಸರು ಕುದಿ ಬರುವಷ್ಟರಲ್ಲಿ ಇದೆಲ್ಲ ಮುಗಿಯುತ್ತಿತ್ತು. ನನಗೂ ಅಪ್ಪ ಕಲಿಸಿದ್ದು ಅಷ್ಟೇ. ಎರಡು ವರ್ಷವಾದರೂ ಒಂದು ಹಾಡಿನ ತುಣುಕೂ ಇಲ್ಲ. ಕೇಳಿದರೆ, ತುಟಿ ಬರಲಿ ಆಮೇಲೆ ನೋಡೋಣ ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ನನಗೆ ಹನ್ನೊಂದಾದಾಗ ಅಕ್ಕನ ಮದುವೆ ಗೊತ್ತಾಯಿತು. ಅಕ್ಕ ಸೀರೆ, ಓಲೆ ಯಾವುದಕ್ಕೂ ಹಟ ಮಾಡಿದವಳಲ್ಲ. ಕೇಳಿದ್ದು ಒಂದೇ. ಊರ ಹೆಣ್ಣುಮಕ್ಕಳ ಮದುವೆಗೆಲ್ಲ ಅಪ್ಪ ಊದಿದ್ದಾನೆ, ಗಂಡಿನವರು ಬಂದಾಗ ನನಗೂ ದೊಡ್ಡ ಬಾಜಾ ಕೇಳಿಸಬೇಕು, ಅಂದಳು. ಆದರೆ ಹೆಣ್ಣಿನ ತಂದೆ ತಟ್ಟೆ ಹಿಡಿದು ಬೀಗರನ್ನು ಎದುರುಗೊಳ್ಳಬೇಕೇ ಹೊರತು ಬಾಜಾ ಹೊತ್ತುಕೊಂಡು ನಿಂತರೆ ಆಗುತ್ತದೆಯೇ? ಬ್ಯಾಂಡಿನ ಮಾಸ್ಟರು ಬಾಜಾ ಊದಲು ಪೇಟೆಯಿಂದ ಒಬ್ಬನನ್ನು ಗೊತ್ತು ಮಾಡಿದರು. ಮದುವೆಯ ಹಿಂದಿನ ದಿನ, ಬೀಗರು ಬರುವ ದಿನವೇ, ಮಧ್ಯಾಹ್ನ ಆತ, ಬೇರೆ ಮದುವೆ ಒಪ್ಪಿಕೊಂಡುಬಿಟ್ಟಿದ್ದೇನೆ, ಬರಲಾಗುವುದಿಲ್ಲ ಎಂದು ಹೇಳಿಕಳಿಸಿದ. ಅಕ್ಕ ಅರಿಶಿನದ ಮೈಯಲ್ಲೇ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಕೂತಳು. ಅಪ್ಪ ನನ್ನನ್ನು ನೋಡಿದ.

ಅಂದೇ ಸಂಜೆ ಚಪ್ಪರದ ಬಾಗಿಲಲ್ಲಿ ಒಂದು ಕುರ್ಚಿ ಹಾಕಿ, ನನ್ನನ್ನು ಕೂರಿಸಿ, ತೊಡೆಯ ಮೇಲೆ ಬಾಜಾ ಇಟ್ಟರು. ತಣ್ಣಗೆ ಕೊರೆಯುತ್ತಿತ್ತು. ಅಕ್ಕ ಕಿಟಕಿಯ ಹಿಂದೆ ಸೆರಗು ಮುಂದಕ್ಕೆಳೆದುಕೊಂಡು ನಿಂತಿದ್ದಳು. ಊರ ಮುಂದೆ ಕೂತು ಕುದುರೆಯ ಹಾಗೆ ಬುರ್ರ್ ಅನ್ನುವುದೇ? ನನಗೆ ನಾಚಿಕೆ. ಅದನ್ನು ಬಿಟ್ಟೆ. ಬೀಗರು ಚಪ್ಪರದ ಹತ್ತಿರ ಬರುತ್ತಿದ್ದಂತೆ, ಕೇಳಿ ಕೇಳಿ ಬಾಯಿಗೆ ಬಂದಿದ್ದ ಮದುವೆ ಹಾಡನ್ನೇ ನೇರ ಊದಿದೆ. ಎಮ್ಮೆ ಕೂಗಿದ ಹಾಗಾಯಿತು. ಗಂಡಿನವರು ನಕ್ಕರು. ಉಳಿದ ವಾದ್ಯಗಳೂ ತಡವರಿಸಿ ನಿಂತವು. ಕಿಟಕಿಯಲ್ಲಿದ್ದ ಅಕ್ಕನ ಮುಖ ಮರೆಯಾಯಿತು.

ಅಪ್ಪ ಬೀಗರ ಎದುರಿಗೇ ಇದ್ದ. ಎರಡೂ ಕೈಯಲ್ಲಿ ತಟ್ಟೆ, ತಲೆಗೆ ಹೊಸ ಪೇಟ. ನನ್ನ ಕಡೆ ತಿರುಗಿ, ಅಷ್ಟು ಜನರ ಮುಂದೆ ಕೆನ್ನೆ ಉಬ್ಬಿಸಿ, ತುಟಿ ಸಡಿಲ ಬಿಟ್ಟು, ಬುರ್ರ್ ಅಂದ. ಪೇಟ ಅಲ್ಲಾಡಿತು. ಅಮ್ಮ ಹಣೆ ಚಚ್ಚಿಕೊಂಡಳು. ಗಂಡಿನ ತಾಯಿ ಒಂದು ಹೆಜ್ಜೆ ಹಿಂದೆ ಸರಿದರು.

"ಹಾಡು ಬೇಡ ಕಣೋ. ನಿಂಗೆ ಬರೋದನ್ನ ಊದು," ಅಂದ ಅಪ್ಪ.

ನಾನೂ ಬುರ್ರ್ ಅಂದೆ. ನಾಲ್ಕು ಎಣಿಸಿ ಉಸಿರೆಳೆದೆ, ಎಂಟು ಎಣಿಸಿ ಬಿಟ್ಟೆ. ಬೀಗರು ಅಷ್ಟೂ ಹೊತ್ತು ಕಾದರು, ಪಾಪ. ಆಮೇಲೆ ಆ ತಗ್ಗಿನ ಸ್ವರ ಬಂತು. ಕುರ್ಚಿಯ ಕಾಲು ಅದುರಿತು. ಉಸಿರು ಮುಗಿದ ಮೇಲೆ ಎರಡನೆಯದು. ಮಾಸ್ಟರು ಜಾಣರು, ಅದಕ್ಕೆ ಸರಿಯಾಗಿ ಡೋಲು ಹಿಡಿಸಿ ತಮ್ಮ ಕ್ಲಾರಿನೆಟ್ಟು ಎತ್ತಿಕೊಂಡರು. ಬೀಗರು ಒಳಗೆ ಬಂದು ಕೂರುವವರೆಗೂ ನಾನು ಅವೆರಡನ್ನೇ ಊದಿದೆ. ಕಣ್ಣೆತ್ತಿದರೆ ಅಕ್ಕ ಕಿಟಕಿಗೆ ವಾಪಸ್ ಬಂದಿದ್ದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನನಗೆ ತುಂಬ ಸಂತೋಷವಾಯಿತು. ತುಟಿ ಮಾತ್ರ ಮೂರು ದಿನ ಊದಿಕೊಂಡಿತ್ತು.

ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಾವಿರುವುದು ಜೆ.ಪಿ. ನಗರದಲ್ಲಿ, ಮೂರನೇ ಮಹಡಿ. ನನ್ನ ಮೊಮ್ಮಗಳು ಸ್ಕೂಲ್ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಾಳೆ. ಅವಳ ವಾರ್ಮ್-ಅಪ್ ಇರುವುದು ಫೋನಿನಲ್ಲಿ. ಯಾವುದೋ ದೇಶದವನು ಐದು ನಿಮಿಷದಲ್ಲಿ ಹೇಳಿಕೊಡುತ್ತಾನೆ. ನೋಡಿದೆ, ಅವನೂ ಮೊದಲು ಬುರ್ರ್ ಅನ್ನುತ್ತಾನೆ. ಇವಳಿಗೂ ಅದೊಂದು ನಾಚಿಕೆ, ಬಾಗಿಲು ಹಾಕಿಕೊಂಡು ಮಾಡುತ್ತಾಳೆ. ಜೋರಾಗಿ ಊದಿದರೆ ಕೆಳಗಿನ ಮನೆಯ ಆಂಟಿ ಮೆಸೇಜ್ ಹಾಕುತ್ತಾರೆ. ನಮಗೆ ಆ ತಾಪತ್ರಯ ಇರಲಿಲ್ಲ, ಕೇಳಿಸಿದರೆ ಯಾರ ಮನೆ ಮದುವೆ ಅಂತ ವಿಚಾರಿಸುತ್ತಿದ್ದರು, ಅಷ್ಟೇ.

ಹೋದ ಭಾನುವಾರ ಬನಶಂಕರಿಯಿಂದ ಅಕ್ಕ ಬಂದಿದ್ದಳು. ಅಪ್ಪ ಇಲ್ಲ, ಭಾವನೂ ಇಲ್ಲ. ಅಕ್ಕನಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗಿನ ರೂಮಿನಲ್ಲಿ ಮೊಮ್ಮಗಳು ಬುರ್ರ್ ಅಂದು, ಉಸಿರೆಳೆದು, ಆ ತಗ್ಗಿನ ಸ್ವರವನ್ನು ಉದ್ದಕ್ಕೆ ಬಿಟ್ಟಳು. ಮೇಜಿನ ಮೇಲಿನ ಲೋಟ ಸಣ್ಣಗೆ ಅದುರಿತು. ಅಕ್ಕನ ಕೈ ನಿಂತಿತು.

"ಬೀಗರು ಬಂದ್ರೇನೋ?" ಅಂದಳು.

"ಬಂದ್ರು ಕಣಕ್ಕ," ಅಂದೆ.

ಅಕ್ಕ ಸೆರಗು ಮುಂದಕ್ಕೆಳೆದುಕೊಂಡಳು.