ಮನೆಯವರೆಲ್ಲ ಬರಬೇಕು

ಆ ಬೇಸಿಗೆ ಇಂಟರ್ನ್‌ಶಿಪ್‌ಗೆಂದು ದಾವಣಗೆರೆಯಿಂದ ಮಣಿಪಾಲಕ್ಕೆ ಹೋದವಳಿಗೆ ವನಜಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಆಫೀಸು ಬಿಟ್ಟರೆ ಆ ಊರಲ್ಲಿ ನನಗೆ ಯಾರೂ ಇರಲಿಲ್ಲ. ಭಾನುವಾರ ಬಂತೆಂದರೆ ಸಾಕು, ಅಳು ಬರುತ್ತಿತ್ತು.

ಅಂಥದ್ದೇ ಒಂದು ಭಾನುವಾರ ನೂಡಲ್ಸ್‌ಗೆ ನೀರಿಟ್ಟಿದ್ದೆ. ರೇಷ್ಮೆ ಸೀರೆ ಉಟ್ಟ ವನಜಕ್ಕ ಬಾಗಿಲಲ್ಲಿ ಬಂದು ನಿಂತರು.

"ಇನ್ನೂ ಹೊರಡಲಿಲ್ಲವಾ? ಕಾರ್ಕಳದಲ್ಲಿ ಮದುವೆ ಉಂಟಲ್ವಾ?"

"ನನ್ನನ್ನು ಯಾರೂ ಕರೆದಿಲ್ಲವಲ್ಲ ಅಕ್ಕ."

"ಮನೆಯವರೆಲ್ಲ ಬರಬೇಕು ಅಂತ ಹೇಳಿ ಹೋಗಿದ್ದಾರೆ. ನೀನು ಎಂತ, ಬೇರೆ ಮನೆಯಲ್ಲಿ ಇರುವುದಾ ಮಾರಾಯ್ತಿ? ಸ್ಟವ್ ಆರಿಸು."

ಆರಿಸಿದೆ.

ಮಂಟಪದಲ್ಲಿ ಯಾರೋ "ಇವಳು ಯಾರು?" ಎಂದು ಕೇಳಿದರು. "ನಮ್ಮ ಮನೆಯ ಹುಡುಗಿ" ಎಂದರು ವನಜಕ್ಕ. ಅಷ್ಟು ಸಾಕಾಯಿತು, ಕೇಳಿದವರೇ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು. ಫೋಟೋಗೆ ಕರೆದಾಗ ಮೆಲ್ಲಗೆ ಹಿಂದೆ ಸರಿದೆ. ವನಜಕ್ಕ ಬಿಡಲಿಲ್ಲ, ಕೈ ಹಿಡಿದು ಎಳೆದು ಮದುಮಗಳ ಪಕ್ಕದಲ್ಲೇ ನಿಲ್ಲಿಸಿದರು. ಆಮೇಲಿನ ಭಾನುವಾರಗಳಲ್ಲಿ ನಾನು ಅಳಲಿಲ್ಲ.

ಕಾರ್ಕಳದ ಯಾವುದೋ ಮನೆಯ ಆಲ್ಬಂನಲ್ಲಿ ಮದುಮಗಳಿಗೆ ಒತ್ತಿಕೊಂಡು ನಾನು ಈಗಲೂ ನಗುತ್ತಿರಬೇಕು. ಅವಳ ಹೆಸರು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ. ವನಜಕ್ಕನನ್ನೇ ಕೇಳೋಣವೆಂದರೆ ನಾಚಿಕೆ. ಮನೆಯವಳಾಗಿ ಹಾಗೆಲ್ಲ ಕೇಳುವುದುಂಟೇ?